20 ವರ್ಷದ ಫೋಟೋಗಳನ್ನು ಒಂದೇ ಕಂಪ್ಯೂಟರಿಗೆ ತಂದದ್ದು ಹೀಗೆ

ಕಳೆದ ಮಳೆಗಾಲದ ಶುರುವಿನಲ್ಲಿ ನನ್ನ ಜಿಮೇಲ್‌ಗೆ ಮೇಲ್ ಬರುವುದೇ ನಿಂತುಹೋಯಿತು. ವಿಮೆ ಕಂತಿನ ರಸೀದಿ ಯಾಕೆ ಬಂದಿಲ್ಲ ಅಂತ ಏಜೆಂಟರಿಗೆ ಫೋನ್ ಮಾಡಿದರೆ, ಕಳಿಸಿದ್ದು ವಾಪಸ್ ಬಂತು ಅಂದರು. ಕಾರಣ ಫೋಟೋ. ಗೂಗಲ್ ಒಂದು ಖಾತೆಗೆ ಪುಕ್ಕಟೆ ಕೊಡುವುದು 15 ಜಿಬಿ. ಮೇಲ್, ಡ್ರೈವ್, ಫೋಟೋ ಎಲ್ಲವೂ ಅದರೊಳಗೇ ಇರಬೇಕು. 2021ರ ಜೂನ್ 1ಕ್ಕೆ ಮೊದಲು 'ಹೈ ಕ್ವಾಲಿಟಿ' ಅಂತ ಹಾಕಿದ ಫೋಟೋಗಳು ಲೆಕ್ಕಕ್ಕೆ ಬರುವುದಿಲ್ಲ. ಆಮೇಲಿನದ್ದೆಲ್ಲ ಬರುತ್ತದೆ. ಮಗಳ ಶಾಲೆಯ ಕಾರ್ಯಕ್ರಮದ ವಿಡಿಯೋಗಳೇ ನಮ್ಮಲ್ಲಿ ಅರ್ಧ ಜಾಗ ತಿಂದಿದ್ದವು.

ತಿಂಗಳಿಗಿಷ್ಟು ಕೊಟ್ಟು ಜಾಗ ಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅದೇ ಹೊತ್ತಿಗೆ ಮನೆಯಲ್ಲಿ ಅಪ್ಪನ ಎಪ್ಪತ್ತರ ಶಾಂತಿಯ ಮಾತು ಶುರುವಾಗಿತ್ತು. ಕ್ಯಾಲಿಫೋರ್ನಿಯಾದಲ್ಲಿರುವ ತಂಗಿ, "ಹಳೇ ಫೋಟೋ ಎಲ್ಲಾ ಹುಡುಕಿ ಇಡು, ಒಂದು ಒಳ್ಳೆ ಆಲ್ಬಮ್ ಮಾಡಿಸೋಣ" ಅಂದಳು. ಸರಿ ಅಂತ ಒಪ್ಪಿಕೊಂಡೆ. ಮೊನ್ನೆಯಷ್ಟೇ ಮುಗಿಯಿತು. ಇದೇ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಮೊದಲೇ ಒಂದು ಮಾತು: ಇದು ಫೋಟೋ ಜೋಡಿಸುವ ಕೆಲಸ ಅಂತ ಅನಿಸುತ್ತದೆ. ನಿಜವಾಗಿ ಇದು ದಿನಾಂಕ ಸರಿ ಮಾಡುವ ಕೆಲಸ. ದಿನಾಂಕ ಸರಿಯಾದರೆ ಮುಕ್ಕಾಲು ಪಾಲು ತಾನಾಗಿಯೇ ಜೋಡಣೆಯಾಗುತ್ತದೆ.

ನಾವಿರುವುದು ಶಿರಸಿ ಹತ್ತಿರದ ಹಳ್ಳಿಯಲ್ಲಿ. ಮನೆಗೆ ಮೊದಲ ಡಿಜಿಟಲ್ ಕ್ಯಾಮೆರಾ ಬಂದದ್ದು 2004ರಲ್ಲಿ, ಚಿಕ್ಕಪ್ಪ ಮಸ್ಕತ್‌ನಿಂದ ತಂದದ್ದು. ಅಲ್ಲಿಂದೀಚೆಗೆ ಫೋಟೋಗಳು ಸಿಕ್ಕಸಿಕ್ಕಲ್ಲಿ ಸೇರಿಕೊಂಡಿದ್ದವು. ಅಟ್ಟದ ಮೇಲಿನ ಹಳೇ ಕಂಪ್ಯೂಟರ್, ಬೀರುವಿನ ಡಿವಿಡಿ ಡಬ್ಬ, ಚಾರ್ಜ್ ಆಗದ ಫೋನ್‌ಗಳು, ಆಯಿಯ (ಅಮ್ಮನ) ಹೊಲಿಗೆ ಪೆಟ್ಟಿಗೆಯಲ್ಲಿ ಗುಂಡಿಗಳ ಜೊತೆ ಬಿದ್ದಿದ್ದ, ಹಳೇ ಕ್ಯಾಮೆರಾದ ಫೋಟೋ ಉಳಿಯುವ ಒಂದು ಎಕ್ಸ್‌ಡಿ ಕಾರ್ಡ್, ಎಲ್ಲರ ವಾಟ್ಸಾಪ್, ಮೇಲೆ ಗೂಗಲ್ ಬೇರೆ.

ಹಳೇ ಕಂಪ್ಯೂಟರ್ ಆನ್ ಆಗಲಿಲ್ಲ. ಆದರೆ ಕಂಪ್ಯೂಟರ್ ಸತ್ತರೆ ಹಾರ್ಡ್ ಡಿಸ್ಕ್ ಸತ್ತಿದೆ ಅಂತ ಅಲ್ಲ. ಅದರೊಳಗೆ ಅಗಲ ಪಟ್ಟಿಯ ಕೇಬಲ್ ಇರುವ ಐಡಿಇ ಡಿಸ್ಕ್ ಇತ್ತು, 80 ಜಿಬಿಯದ್ದು. ಅದನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಆನ್‌ಲೈನ್‌ನಲ್ಲಿ 900 ರೂಪಾಯಿಗೆ ಸಿಕ್ಕಿತು. ಕೊಳ್ಳುವಾಗ ಅದರ ಜೊತೆ ಪ್ರತ್ಯೇಕ ಪವರ್ ಸಪ್ಲೈ ಇದೆಯಾ ಅಂತ ನೋಡಿಕೊಳ್ಳಿ. ಡೆಸ್ಕ್‌ಟಾಪಿನ ದೊಡ್ಡ ಡಿಸ್ಕಿಗೆ 12 ವೋಲ್ಟ್ ಬೇಕು, ಯುಎಸ್‌ಬಿಯಿಂದ ಬರುವ ಕರೆಂಟ್ ಸಾಲುವುದಿಲ್ಲ. ನಮ್ಮ ಡಿಸ್ಕ್ ಗುರ್ ಅಂತ ತಿರುಗಿ, ಒಂದೇ ಸಲಕ್ಕೆ ಎಲ್ಲವನ್ನೂ ಕೊಟ್ಟಿತು.

ಡಿವಿಡಿಗಳ ಕತೆ ಬೇರೆ. ಮಲೆನಾಡಿನವರಿಗೆ ಹೇಳಬೇಕಾಗಿಲ್ಲ, ಮಳೆಗಾಲದಲ್ಲಿ ಚಪ್ಪಲಿಗೂ ಬೂಸ್ಟು ಬರುತ್ತದೆ, ಡಿವಿಡಿಗೆ ಬರುವುದಿಲ್ಲವಾ? ಕೆಲವದರ ಮೇಲೆ ಬಿಳಿ ಬಳ್ಳಿ ಹಬ್ಬಿತ್ತು. ಮೆತ್ತನೆ ಹತ್ತಿ ಬಟ್ಟೆಯನ್ನು ಸ್ವಲ್ಪ ಒದ್ದೆ ಮಾಡಿ, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಸುತ್ತ ತಿರುಗಿಸಿ ಒರೆಸಿದರೆ ಬೀಳುವ ಗೀರು ಓದುವ ಸಾಲಿನ ಗುಂಟವೇ ಹೋಗುತ್ತದೆ. ಒಂದು ಡ್ರೈವ್ ಓದದ ಡಿಸ್ಕನ್ನು ಇನ್ನೊಂದು ಓದುವುದುಂಟು. ನಾನು ಕೊಂಡ 1,600 ರೂಪಾಯಿಯ ಹೊಸ ಡ್ರೈವ್ ಕೈಬಿಟ್ಟದ್ದನ್ನು ಪಕ್ಕದ ಮನೆಯ ಹಳೇ ಲ್ಯಾಪ್‌ಟಾಪ್ ಓದಿತು. ಒಳಗಿನ ಬಣ್ಣದ ಪದರವೇ ಹಾಳಾಗಿದ್ದರೆ ಮಾತ್ರ ಏನೂ ಮಾಡಲು ಬರುವುದಿಲ್ಲ. ಅಂಥವು ನಾಲ್ಕಾರು ಹೋದವು.

ಇನ್ನೊಂದು ಪೋರ್ಟಬಲ್ ಹಾರ್ಡ್ ಡಿಸ್ಕ್ ಟಕ್ ಟಕ್ ಅನ್ನುತ್ತಿತ್ತು. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ವಿಚಾರಿಸಿದರೆ 15,000 ಆಗಬಹುದು, ಸಿಕ್ಕೇ ಸಿಗುತ್ತದೆ ಅಂತ ಹೇಳಲಾಗದು ಅಂದರು. ಅದರಲ್ಲಿದ್ದದ್ದು ಮುಖ್ಯವಾಗಿ ಅಣ್ಣನ ಬೆಂಗಳೂರಿನ ಮನೆಯ ಗೃಹಪ್ರವೇಶ. ದುಡ್ಡು ಕೊಡುವ ಮೊದಲು ನೆಂಟರಿಗೆಲ್ಲ ಫೋನ್ ಮಾಡಿದೆ. ಆ ಕಾಲದಲ್ಲಿ ಸಮಾರಂಭ ಆದ ಮೇಲೆ ಎಲ್ಲರಿಗೂ ಡಿವಿಡಿ ಬರೆದು ಹಂಚುವ ರೂಢಿ ಇತ್ತಲ್ಲ. ಯಲ್ಲಾಪುರದ ಅತ್ತೆಯ ಮನೆಯಲ್ಲಿ ಒಂದು ಪ್ರತಿ ಪ್ಲಾಸ್ಟಿಕ್ ಸಹಿತ ಹಾಗೇ ಇತ್ತು. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಬಳಗವನ್ನು ವಿಚಾರಿಸಿ. ಹಾಗೆಯೇ, ಟಕ್ ಟಕ್ ಸದ್ದು ಬರುವ ಡಿಸ್ಕನ್ನು ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ, ಇದ್ದದ್ದೂ ಹಾಳಾಗುತ್ತದೆ.

ಎಕ್ಸ್‌ಡಿ ಕಾರ್ಡಿಗೆ ಈಗಿನ ಕಾರ್ಡ್ ರೀಡರ್‌ಗಳಲ್ಲಿ ಜಾಗವೇ ಇಲ್ಲ. ಹಳೇ ಸ್ಟಾಕಿನ ರೀಡರ್ ಒಂದು 300 ರೂಪಾಯಿಗೆ ಸಿಕ್ಕಿತು. ಹಾಕಿದರೆ 'ಫಾರ್ಮ್ಯಾಟ್ ಮಾಡಬೇಕೇ?' ಅಂತ ವಿಂಡೋಸ್ ಕೇಳಿತು. ಇಂಥ ಹೊತ್ತಿನಲ್ಲಿ ಬೇಡ ಅನ್ನಿ. ಫೋಟೋರೆಕ್ ಅಂತ ಒಂದು ಪುಕ್ಕಟೆ ತಂತ್ರಾಂಶ ಇದೆ. ನೋಡಲು ಕಪ್ಪು ಪರದೆ, ಬಿಳಿ ಅಕ್ಷರ, ಹೆದರಿಕೆ ಆಗುತ್ತದೆ. ಆದರೆ ಕಾರ್ಡಿಗೆ ಏನೂ ಬರೆಯದೆ, ಬರೀ ಓದಿ, ಸಿಕ್ಕಿದ್ದನ್ನು ನಾವು ಹೇಳಿದ ಫೋಲ್ಡರಿಗೆ ಹಾಕುತ್ತದೆ. ಆ ಕಾರ್ಡಿನಿಂದ, ಎಂದೋ ಅಳಿಸಿದ್ದ ಫೋಟೋಗಳೂ ಎದ್ದು ಬಂದವು. ಕಡತಗಳ ಹೆಸರು ಮಾತ್ರ ಹೋಗಿರುತ್ತದೆ. ಪರವಾಗಿಲ್ಲ, ಫೋಟೋದ ಒಳಗೇ ದಿನಾಂಕ ಇರುತ್ತದೆ. ಅದರ ವಿಷಯ ಮುಂದೆ ಬರುತ್ತದೆ.

ಹೆಚ್ಚು ಸತಾಯಿಸಿದ್ದು ಗೂಗಲ್‌ನಿಂದ ಇಳಿಸುವ ಕೆಲಸ. ಟೇಕ್‌ಔಟ್ ಅಂತ ಅವರದೇ ಸೌಲಭ್ಯ ಇದೆ. ಅದರಲ್ಲಿ ಮೊದಲು ಎಲ್ಲ ಗುರುತು ತೆಗೆದು ಫೋಟೋಸ್ ಒಂದನ್ನೇ ಆರಿಸಿ ಕೋರಿಕೆ ಹಾಕಬೇಕು. ಅವರು ಜಿಪ್ ಕಟ್ಟಿ, ತಯಾರಾಯಿತು ಅಂತ ಮೇಲ್ ಮಾಡುತ್ತಾರೆ. ನಮ್ಮಂತೆ ಮೇಲ್ ನಿಂತಿದ್ದರೆ ಮೊದಲು ಒಂದಿಷ್ಟು ದೊಡ್ಡ ವಿಡಿಯೋ ಇಳಿಸಿ, ಅಳಿಸಿ, ಜಾಗ ಮಾಡಿಕೊಳ್ಳಿ. ತಯಾರಾದ ಮೇಲ್‌ನಲ್ಲಿ ಬರುವ, ಇಳಿಸಿಕೊಳ್ಳುವ ಕೊಂಡಿ ಇರುವುದು 7 ದಿನ ಮಾತ್ರ. ಅಷ್ಟರಲ್ಲಿ ನಮ್ಮ ಊರಿನ ದಾರಿಯಲ್ಲಿ ಮರ ಬಿದ್ದು ಇಂಟರ್‌ನೆಟ್ ಕೇಬಲ್ ತುಂಡಾಯಿತು. ಸರಿಯಾಗುವ ಹೊತ್ತಿಗೆ ಕೊಂಡಿ ಸತ್ತಿತ್ತು. ಮತ್ತೆ ಕೋರಿಕೆ, ಮತ್ತೆ ಕಾಯುವುದು. ಎರಡನೇ ಸಲ ಶಿರಸಿ ಪೇಟೆಯ ಭಾವನ ಮನೆಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದೆ. ಜಿಪ್‌ನ ಗಾತ್ರ ನಾವೇ ಆರಿಸಬಹುದು. 50 ಜಿಬಿ ಬೇಡ, ನಡುವೆ ಕಡಿದರೆ ಅಷ್ಟೂ ಹೋಯಿತು. ಹಳ್ಳಿಯ ಇಂಟರ್‌ನೆಟ್‌ಗೆ 2 ಅಥವಾ 4 ಜಿಬಿ ತುಂಡುಗಳೇ ಸರಿ.

ಎಲ್ಲ ಸೇರಿ 90,000ದ ಹತ್ತಿರ ಕಡತಗಳಾದವು. ಎರಡು ಹೊಸ ಹಾರ್ಡ್ ಡಿಸ್ಕ್ ತಂದೆ, ತಲಾ 2 ಟಿಬಿ, ಒಂದಕ್ಕೆ 6,500. ಕಂಪ್ಯೂಟರಿನಲ್ಲಿ ಅದು 1.81 ಟಿಬಿ ಅಂತ ತೋರಿಸುತ್ತದೆ. ಅಂಗಡಿಯವರ ಜೊತೆ ಜಗಳ ಬೇಡ, ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಬಂದದ್ದನ್ನೆಲ್ಲ ಬಂದ ಹಾಗೇ ಒಂದು ಡಿಸ್ಕಿಗೆ ಹಾಕಿ, 'ಮೂಲ, ಮುಟ್ಟಬೇಡಿ' ಅಂತ ಚೀಟಿ ಅಂಟಿಸಿದೆ. ಮುಂದಿನ ಕೆಲಸವೆಲ್ಲ ಪ್ರತಿಯ ಮೇಲೆ. ಕಾಪಿ ಆಗುವಾಗ ಕರೆಂಟ್ ಹೋಗುವುದು ನಮ್ಮಲ್ಲಿ ದಿನದ ಮಾತು. ಯುಪಿಎಸ್‌ಗೆ 1,100 ಕೊಟ್ಟು ಬ್ಯಾಟರಿ ಬದಲಿಸಿದೆ. ಟೆರಾಕಾಪಿಯಂಥ ತಂತ್ರಾಂಶ ಇದ್ದರೆ, ಕಾಪಿ ಆದದ್ದು ಮೂಲದ ಹಾಗೇ ಇದೆಯಾ ಅಂತಲೂ ಪರೀಕ್ಷಿಸಿ ಹೇಳುತ್ತದೆ.

ಇನ್ನು ದಿನಾಂಕ. ಫೋಲ್ಡರಿನಲ್ಲಿ ಕಾಣುವ ದಿನಾಂಕವನ್ನು ನಂಬಬೇಡಿ. 'ಕ್ರಿಯೇಟೆಡ್' ಅನ್ನುವುದು ಆ ಕಡತ ಈ ಡಿಸ್ಕಿಗೆ ಬಂದ ದಿನ, ಅಷ್ಟೇ. ನಂಬಬೇಕಾದದ್ದು ಕ್ಯಾಮೆರಾ ಫೋಟೋದ ಒಳಗೇ ಬರೆದಿಡುವ ಎಕ್ಸಿಫ್ ದಿನಾಂಕವನ್ನು. ಅದನ್ನು ಓದಲು, ತಿದ್ದಲು ಎಕ್ಸಿಫ್‌ಟೂಲ್ ಅಂತ ಪುಕ್ಕಟೆ ಸಾಧನ ಇದೆ. ಕಮಾಂಡ್ ಟೈಪ್ ಮಾಡಬೇಕು, ಮೊದಮೊದಲು ತಲೆ ಕೆಡುತ್ತದೆ. ಆದರೆ ಒಂದೇ ಸಾಲಿಗೆ ಸಾವಿರಾರು ಫೋಟೋಗಳನ್ನು ವರ್ಷ-ತಿಂಗಳ ಫೋಲ್ಡರಿಗೆ ಹಾಕುವಾಗ ಖುಷಿ ಆಗುತ್ತದೆ. ತಿದ್ದಿದ ಪ್ರತಿ ಫೋಟೋದ ಹಳೇ ರೂಪವನ್ನು ಅದು ಪಕ್ಕದಲ್ಲೇ ಉಳಿಸುತ್ತದೆ, ಹಾಗಾಗಿ ಡಿಸ್ಕಿನಲ್ಲಿ ಎರಡು ಪಟ್ಟು ಜಾಗ ಇಟ್ಟುಕೊಳ್ಳಿ.

ಗೂಗಲ್‌ನಿಂದ ಬಂದ ಫೋಟೋಗಳ ಜೊತೆ ದಿನಾಂಕ ಮುಂತಾದ ವಿವರ ಬರೆದಿಟ್ಟ ಒಂದೊಂದು ಜೇಸನ್ ಕಡತ ಇರುತ್ತದೆ. ನೋಡಿ ಗಾಬರಿಯಾಗಬೇಡಿ. ಕ್ಯಾಮೆರಾ ಫೋಟೋಗಳ ಎಕ್ಸಿಫ್ ಹಾಗೇ ಉಳಿದಿರುತ್ತದೆ. ಒಳಗೆ ದಿನಾಂಕ ಇಲ್ಲದವಕ್ಕೆ, ಅಥವಾ ನೀವು ಗೂಗಲ್‌ನಲ್ಲೇ ದಿನಾಂಕ ತಿದ್ದಿದ್ದರೆ, ಆಗ ಜೇಸನ್ ಬೇಕು. ಹೆಸರು ಉದ್ದ ಇದ್ದರೆ ಅದನ್ನು ನಡುವೆ ಕತ್ತರಿಸಿರುತ್ತಾರೆ, ಯಾವ ಫೋಟೋಗೆ ಯಾವ ಜೇಸನ್ ಅಂತ ಹೊಂದಿಸುವುದು ಕಷ್ಟ. ಒಂದಿಷ್ಟನ್ನು ಕೈಯಲ್ಲೇ ಮಾಡಿದೆ.

ವಾಟ್ಸಾಪ್ ಎಕ್ಸಿಫ್ ಅನ್ನು ಪೂರ್ತಿ ಒರೆಸಿ ಹಾಕುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಕಡತದ ಹೆಸರಿನಲ್ಲೇ ವರ್ಷ, ತಿಂಗಳು, ದಿನ ಇರುತ್ತದೆ, ಆದರೆ ಅದು ನಮಗೆ ಬಂದ ದಿನ, ತೆಗೆದ ದಿನ ಅಲ್ಲ. 1998ರ ಉಪನಯನದ ಫೋಟೋವನ್ನು ಯಾರೋ 2019ರಲ್ಲಿ ಕಳಿಸಿದ್ದರೆ ಅದು 2019ಕ್ಕೇ ಹೋಗಿ ಕೂರುತ್ತದೆ. ಹೆಸರಿನ ದಿನಾಂಕವನ್ನು ಒಳಗೆ ಬರೆಸಿ, ಆಮೇಲೆ ಕಣ್ಣಾಡಿಸಿ ಇಂಥವನ್ನು ಹೆಕ್ಕಿದೆ.

ನಿಜವಾದ ತಮಾಷೆ ತಂಗಿಯ ಮದುವೆಯದ್ದು. 2012ರ ಮೇ ತಿಂಗಳು. ವರನ ಸ್ನೇಹಿತರು ಕ್ಯಾಲಿಫೋರ್ನಿಯಾದಿಂದ ಬಂದಿದ್ದರು, ಕ್ಯಾಮೆರಾದ ಗಡಿಯಾರವೂ ಅಲ್ಲಿಯದೇ. ದಿನಾಂಕದ ಪ್ರಕಾರ ಜೋಡಿಸಿದರೆ ಧಾರೆ ಹಿಂದಿನ ರಾತ್ರಿ 10:12ಕ್ಕೆ ಮುಗಿದಿತ್ತು! ಎಷ್ಟು ಗಂಟೆ ಹೆಚ್ಚುಕಮ್ಮಿ ಅಂತ ತಿಳಿಯುವುದು ಹೇಗೆ? ಆಯಿ ಲಗ್ನಪತ್ರಿಕೆ ತೆಗೆದುಕೊಟ್ಟಳು. ಮುಹೂರ್ತ ಬೆಳಿಗ್ಗೆ 10:40. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಹನ್ನೆರಡೂವರೆ ಕೂಡಿಸಿದರೆ 10:42. ಒಂದು ಫೋಟೋದಲ್ಲಿ ಕಲ್ಯಾಣ ಮಂಟಪದ ಗೋಡೆ ಗಡಿಯಾರವೂ ಬಿದ್ದಿತ್ತು, ಅದಕ್ಕೂ ತಾಳೆಯಾಯಿತು. ಎಕ್ಸಿಫ್‌ಟೂಲ್‌ಗೆ ಹೇಳಿದರೆ ಆ ಕ್ಯಾಮೆರಾದ ಎಲ್ಲ ಫೋಟೋಗಳನ್ನೂ ಅಷ್ಟು ಗಂಟೆ ಮುಂದೆ ತಳ್ಳುತ್ತದೆ. ನಿಮ್ಮ ಮನೆಯ ಫೋಟೋಗಳಲ್ಲೂ ಗೋಡೆ ಗಡಿಯಾರ ಹುಡುಕಿ. ಕ್ಯಾಲೆಂಡರ್ ಸಿಕ್ಕರೆ ಇನ್ನೂ ಒಳ್ಳೆಯದು.

ಅಷ್ಟಾದರೂ ವಿಡಿಯೋಗಳು ಹೊಂದಲಿಲ್ಲ. ಮಾಂಗಲ್ಯಧಾರಣೆಯ ವಿಡಿಯೋ ಬೆಳಗಿನ ಜಾವ ಐದರ ಸುಮಾರಿಗೆ, ತಿಂಡಿಯ ಫೋಟೋಗಳಿಗಿಂತ ಮೊದಲೇ ಬಂದು ಕೂತಿತ್ತು. ಕಾರಣ ಇಷ್ಟೇ: ಫೋನ್‌ಗಳು ಫೋಟೋಗೆ ಊರಿನ ಸಮಯ ಬರೆಯುತ್ತವೆ, ಎಂಪಿ4 ವಿಡಿಯೋಗೆ ಸಾಮಾನ್ಯವಾಗಿ ಗ್ರೀನಿಚ್ ಸಮಯ. ನಮಗೂ ಅದಕ್ಕೂ ಐದೂವರೆ ಗಂಟೆ ಅಂತರ. ಜೇಸನ್‌ನಲ್ಲಿರುವುದೂ ಗ್ರೀನಿಚ್ ಸಮಯವೇ. ಮುಂಜಾನೆ ಐದೂವರೆಗಿಂತ ಮೊದಲು ತೆಗೆದದ್ದು, ದೀಪಾವಳಿಯ ಎಣ್ಣೆಸ್ನಾನ ಅಂತ ಇಟ್ಟುಕೊಳ್ಳಿ, ಹಿಂದಿನ ದಿನಕ್ಕೆ ಜಾರುತ್ತದೆ. ಈ ಒಂದು ವಿಷಯ ಮೊದಲೇ ಯಾರಾದರೂ ಹೇಳಿದ್ದರೆ ನನ್ನ ಎಷ್ಟೋ ಸಂಜೆ ಉಳಿಯುತ್ತಿತ್ತು.

ಮಸ್ಕತ್ ಕ್ಯಾಮೆರಾಗೆ ಬೇರೆಯದೇ ರೋಗ. ಸೆಲ್ ತೆಗೆದಾಗೆಲ್ಲ ಗಡಿಯಾರ ಜನವರಿ 1ಕ್ಕೆ ಮರಳುತ್ತಿತ್ತು. ಹೀಗಾಗಿ ನೂರಾರು ಫೋಟೋ ಹೊಸ ವರ್ಷದ ದಿನವೇ ತೆಗೆದಂತೆ ಇದ್ದವು. ಅದರಲ್ಲೊಂದು ಕಂತೆ ಮಾರಿಕಾಂಬಾ ಜಾತ್ರೆಯದು. ಶಿರಸಿ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷಗಳಲ್ಲಿ. ಅಂದರೆ 2006, 2008 ಅಥವಾ 2010. ಅಣ್ಣನ ಮಗ ಅಪ್ಪನ ಹೆಗಲ ಮೇಲಿದ್ದಾನೆ, ತಲೆಯಲ್ಲಿ ಈಗಷ್ಟೇ ಚಿಗುರಿದ ಕೂದಲು. ಅವನ ಚೌಲ (ಮೊದಲ ಕೂದಲು ತೆಗೆಸುವ ಶಾಸ್ತ್ರ) ಆದದ್ದು 2008ರ ಜನವರಿಯಲ್ಲಿ. ಅಲ್ಲಿಗೆ ತೀರ್ಮಾನವಾಯಿತು. ಬೆರಳಿಗೆ ಶಾಯಿ ಇದ್ದರೆ ಚುನಾವಣೆ: ವಿಧಾನಸಭೆಯದ್ದು 2008, 2013, 2018ರ ಮೇ ತಿಂಗಳು. ಉಡುಗೊರೆ ಲಕೋಟೆಯಿಂದ 2,000ದ ನೋಟು ಇಣುಕಿದರೆ 2016ರ ನವೆಂಬರ್ ಆದಮೇಲೆ. ಪಾಸ್‌ಪೋರ್ಟಿನ ಠಸ್ಸೆ, ಟಿಕೆಟ್, ಅಪ್ಪನ ಜಮಾ-ಖರ್ಚಿನ ಡೈರಿ ಎಲ್ಲವೂ ಮೇಜಿನ ಮೇಲೆ ಬಂದವು. ತಿಂಗಳಷ್ಟೇ ಗೊತ್ತಾದರೆ ಆ ತಿಂಗಳ 1ನೇ ತಾರೀಖು ಹಾಕಿ, 'ಅಂದಾಜು' ಅಂತ ಒಂದು ಟ್ಯಾಗ್ ಸೇರಿಸಿ. ಇಲ್ಲದಿದ್ದರೆ ಹತ್ತು ವರ್ಷದ ನಂತರ ಅದನ್ನೇ ನಿಜ ಅಂತ ನಂಬುತ್ತೀರಿ.

ಒಂದೇ ಫೋಟೋದ ಹಲವು ಪ್ರತಿಗಳನ್ನು ತೆಗೆಯುವ ಕೆಲಸ ಇಷ್ಟೆಲ್ಲ ಆದಮೇಲೆ. ಚ್ಕಾಫ್ಕಾ ಅಂತ ಒಂದು ಪುಕ್ಕಟೆ ತಂತ್ರಾಂಶ ಬಳಸಿದೆ. ಹುಡುಕುವಾಗ ಸಿ, ಝಡ್, ಕೆ, ಎ, ಡಬ್ಲ್ಯು, ಕೆ, ಎ ಅಂತ ಟೈಪ್ ಮಾಡಿ. ಅಕ್ಷರಶಃ ಒಂದೇ ಆಗಿರುವ ಕಡತಗಳನ್ನು ಕಣ್ಣುಮುಚ್ಚಿ ತೆಗೆಯಬಹುದು. ಟೇಕ್‌ಔಟ್‌ನಲ್ಲೇ ಇವು ಬೇಕಾದಷ್ಟು, ಯಾಕೆಂದರೆ ಒಂದೇ ಫೋಟೋ ವರ್ಷದ ಫೋಲ್ಡರಿನಲ್ಲೂ ಆಲ್ಬಮ್ ಫೋಲ್ಡರಿನಲ್ಲೂ ಬರುತ್ತದೆ. 'ಹೋಲುವ ಚಿತ್ರಗಳು' ಅನ್ನುವಲ್ಲಿ ಮಾತ್ರ ಜಾಗ್ರತೆ. ಮೂಲವೂ, ವಾಟ್ಸಾಪ್‌ನಲ್ಲಿ ಸಣ್ಣದಾಗಿ ಬಂದ ಅದರ ಮರಿಯೂ ಒಟ್ಟಿಗೆ ಸಿಗುತ್ತವೆ. ದೊಡ್ಡದನ್ನು ಇಟ್ಟುಕೊಳ್ಳಿ. ಸಾಲು ಗ್ರೂಪ್ ಫೋಟೋಗಳನ್ನೂ ಅದು ಒಂದೇ ಅನ್ನುತ್ತದೆ, ಆದರೆ ಒಂದರಲ್ಲಿ ಅಜ್ಜ ಕಣ್ಣು ಮುಚ್ಚಿರುತ್ತಾರೆ, ಇನ್ನೊಂದರಲ್ಲಿ ಇಲ್ಲ. 90,000 ಇದ್ದದ್ದು 52,000ಕ್ಕೆ ಇಳಿಯಿತು. ಚೆನ್ನಾಗಿಲ್ಲ ಅಂತ ಅಳಿಸುವ ಉಸಾಬರಿಗೆ ನಾನು ಹೋಗಲೇ ಇಲ್ಲ. ಡಿಸ್ಕಿನ ಜಾಗ ಅಗ್ಗ, ಕೂತು ಆರಿಸುವ ಸಮಯ ತುಟ್ಟಿ.

ಫೋಲ್ಡರಿನ ಹೆಸರು '2008-03 ಶಿರಸಿ ಜಾತ್ರೆ' ಅನ್ನುವ ರೀತಿ. ವರ್ಷ ಮೊದಲು, ಆಮೇಲೆ ತಿಂಗಳು ಬಂದರೆ ತಾನಾಗಿಯೇ ಸಾಲಿಗೆ ನಿಲ್ಲುತ್ತದೆ. ಕನ್ನಡದ ಹೆಸರು ಕೊಡಲು ಈಗ ಏನೂ ತೊಂದರೆ ಇಲ್ಲ, ಆದರೆ ಚಿಕ್ಕದಾಗಿರಲಿ. ನಮ್ಮ ಒತ್ತಕ್ಷರಗಳು ಒಂದಕ್ಕೆ ಮೂರು ಅಕ್ಷರದ ಜಾಗ ತಿನ್ನುತ್ತವೆ. ವಿಂಡೋಸ್‌ನಲ್ಲಿ ಫೋಲ್ಡರ್ ದಾರಿ ಪೂರ್ತಿ ಸೇರಿ 260 ಅಕ್ಷರ ದಾಟಿದರೆ ಕೆಲವು ತಂತ್ರಾಂಶಗಳು ಕಡತ ತೆರೆಯುವುದಿಲ್ಲ.

ಅಪ್ಪ 2007ರಲ್ಲಿ ಒಂದಷ್ಟು ಫೋಟೋಗಳಿಗೆ ವಿವರ ಬರೆದಿಟ್ಟಿದ್ದರು, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ವರ್ಡ್ ಕಡತ. ಈಗ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹಳೇ ನುಡಿ, ಬರಹ ಫಾಂಟ್‌ಗಳಲ್ಲಿ ಇರುವುದನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಅರ್ಕಾವತ್ತು ಅಲ್ಲಲ್ಲಿ ಜಾಗ ತಪ್ಪಿತ್ತು ಅನ್ನುವುದು ಬಿಟ್ಟರೆ ಎಲ್ಲವೂ ಸಿಕ್ಕಿತು.

ಯಾರು ಯಾರು ಅಂತ ಗುರುತಿಸಲು ಡಿಜಿಕ್ಯಾಮ್ ಬಳಸಿದೆ. ಇದೂ ಪುಕ್ಕಟೆ. ಮುಖ ಹುಡುಕುವ ಕೆಲಸಕ್ಕೆ ರಾತ್ರಿಯಿಡೀ ಕಂಪ್ಯೂಟರ್ ಬಿಟ್ಟೆ. ದೊಡ್ಡವರನ್ನು ಚೆನ್ನಾಗಿ ಹಿಡಿಯುತ್ತದೆ. ಮಕ್ಕಳು ಬೆಳೆದ ಹಾಗೆ ಗುರುತು ತಪ್ಪುತ್ತದೆ. ಆಯಿ ಮತ್ತು ಚಿಕ್ಕಿಯನ್ನು ಕೊನೆಯವರೆಗೂ ಒಬ್ಬರೇ ಅಂದುಕೊಂಡಿತ್ತು! ಹೆಸರುಗಳನ್ನು ಫೋಟೋದ ಒಳಗೇ ಬರೆಯುವಂತೆ ಸೆಟ್ಟಿಂಗ್ಸ್‌ನಲ್ಲಿ ಗುರುತು ಹಾಕುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಆ ತಂತ್ರಾಂಶ ಹೋದ ದಿನ ಹೆಸರುಗಳೂ ಹೋಗುತ್ತವೆ. ಪಿಕಾಸಾ ಅನ್ನುವ ಹಳೇ ಫೋಟೋ ತಂತ್ರಾಂಶವನ್ನು ನಂಬಿದವರಿಗೆ ಇದು ಗೊತ್ತು. 2016ರಲ್ಲಿ ಗೂಗಲ್ ಅದನ್ನು ನಿಲ್ಲಿಸಿತು.

ಹಳಬರ ಮುಖಗಳಿಗೆ ಯಂತ್ರ ಏನೂ ಮಾಡಲಾರದು. ಊಟ ಆದಮೇಲೆ ಆಯಿಯನ್ನೂ ದೊಡ್ಡತ್ತೆಯನ್ನೂ ಟಿವಿ ಮುಂದೆ ಕೂರಿಸಿ, ಕಂಪ್ಯೂಟರನ್ನು ಟಿವಿಗೆ ಜೋಡಿಸಿ ಒಂದೊಂದಾಗಿ ತೋರಿಸುತ್ತಿದ್ದೆ. ಕಂಪ್ಯೂಟರಿನ ಸಣ್ಣ ಪರದೆ ಅವರಿಗೆ ಆಗಿಬರುವುದಿಲ್ಲ, ಇದನ್ನು ಮಾಡುವವರು ಟಿವಿಯನ್ನೇ ಬಳಸಿ. ಬೇಗ ಮುಗಿಯುತ್ತದೆ ಅಂತ ಮಾತ್ರ ಎಣಿಸಬೇಡಿ. ಒಂದು ಫೋಟೋದಲ್ಲಿ ಹಿಂದೆ ನಿಂತ ಅಡುಗೆ ಭಟ್ಟರು ಯಾರು ಅನ್ನುವ ಬಗ್ಗೆ ಇಬ್ಬರಿಗೂ ಅರ್ಧ ಗಂಟೆ ವಾದವಾಯಿತು, ತೀರ್ಮಾನಕ್ಕೆ ಕುಮಟಾಕ್ಕೆ ಫೋನ್ ಹೋಯಿತು. ದೊಡ್ಡತ್ತೆ ಮುಖ ನೋಡುವ ಬದಲು ಸೀರೆ ನೋಡಿ ವರ್ಷ ಹೇಳುತ್ತಿದ್ದರು. ಡೈರಿ ತೆಗೆದು ತಾಳೆ ನೋಡಿದರೆ ಸರಿಯಾಗಿಯೇ ಇರುತ್ತಿತ್ತು. ಫೋನಿನಲ್ಲಿ ಅವರ ಮಾತು ರೆಕಾರ್ಡ್ ಮಾಡಿಟ್ಟು ಆಮೇಲೆ ಟೈಪ್ ಮಾಡಿದೆ. ಅವರು ಮಾತಾಡುವಾಗ ನಾವು ಕೀಬೋರ್ಡ್ ಕುಟ್ಟುತ್ತಾ ಕೂತರೆ ಸುಮ್ಮನಾಗಿಬಿಡುತ್ತಾರೆ.

ಈಗ ಒಂದು ಪ್ರತಿ ಮನೆಯ ಕಂಪ್ಯೂಟರಿನಲ್ಲಿ, ಇನ್ನೊಂದು ಬೀರುವಿನ ಡಿಸ್ಕಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ, ಮೂರನೆಯದು ಬೆಂಗಳೂರಿನ ಅಣ್ಣನ ಮನೆಯಲ್ಲಿ, ಅವನ ಹತ್ತಿರವೇ ಇದ್ದ ಡಿಸ್ಕಿನಲ್ಲಿ. ಬೆಂಕಿಯೋ ಸಿಡಿಲೋ ಒಂದೇ ಮನೆಗೆ ಬಂದರೆ ಎರಡು ಪ್ರತಿ ಇದ್ದೂ ಪ್ರಯೋಜನ ಇಲ್ಲ ಅಲ್ವಾ. ಒಟ್ಟು ಖರ್ಚು 17,000ದ ಹತ್ತಿರ. ಎರಡು ಡಿಸ್ಕಿಗೇ 13,000 ಹೋಯಿತು, ತಂತ್ರಾಂಶಕ್ಕೆ ಒಂದು ರೂಪಾಯಿ ಇಲ್ಲ.

ಆಲ್ಬಮ್ ಇನ್ನೂ ಅಚ್ಚಿಗೆ ಹೋಗಿಲ್ಲ. ಅಲ್ಲೊಂದು ಹೊಸ ತೊಡಕು ಬಂದಿದೆ. ಅಚ್ಚಿಗೆ ಇಂಚಿಗೆ 300 ಚುಕ್ಕೆ ಬೇಕು ಅನ್ನುತ್ತಾರೆ. ವಾಟ್ಸಾಪ್‌ನಲ್ಲಿ ಬಂದ ಫೋಟೋಗಳು ಉದ್ದಕ್ಕೆ ಸುಮಾರು 1600 ಚುಕ್ಕೆ, ಅಂದರೆ ಐದು ಇಂಚಿಗಿಂತ ದೊಡ್ಡದು ಮಾಡಿದರೆ ಮಸುಕು. ಒಳ್ಳೊಳ್ಳೆಯ ಫೋಟೋಗಳೇ ಹಾಗಿವೆ. ಅಂಥವನ್ನೆಲ್ಲ ಪಟ್ಟಿ ಮಾಡಿ ಬಳಗದ ಗುಂಪಿಗೆ ಹಾಕಿದ್ದೇನೆ: ಮೂಲ ಯಾರ ಹತ್ತಿರ ಇದೆಯೋ ಅವರು ದಯವಿಟ್ಟು 'ಡಾಕ್ಯುಮೆಂಟ್' ಅಂತ ಆರಿಸಿ ಕಳಿಸಿ, ಫೋಟೋ ಅಂತ ಬೇಡ ಅಂತ. ಡಾಕ್ಯುಮೆಂಟ್ ಮಾಡಿ ಕಳಿಸಿದರೆ ಗಾತ್ರವೂ ಉಳಿಯುತ್ತದೆ, ದಿನಾಂಕವೂ ಉಳಿಯುತ್ತದೆ. ಇಲ್ಲಿಯವರೆಗೆ ಕಳಿಸಿದವರು ಯಲ್ಲಾಪುರದ ಅತ್ತೆ ಒಬ್ಬರೇ. ಉಳಿದವರೆಲ್ಲ ಕೈ ಮುಗಿಯುವ ಇಮೋಜಿ ಹಾಕಿದ್ದಾರೆ.